ಮಾತ್ರೆ ಕವರ್ ನೋಡಿ ಕೇಳಿ: ಆಸ್ಪತ್ರೆಯ ಔಷಧಿ ಕಿಟಕಿ ಬಗ್ಗೆ ಜನರ ಮಾತು ಸಂಗ್ರಹಿಸುವ ದಾರಿ

"ಔಷಧಿ ಕೊಡೋದು ಹೇಗಿದೆ ಅಜ್ಜಿ, ಇಲ್ಲಿ?"

"ಚೆನ್ನಾಗಿದೆ ಸ್ವಾಮಿ."

"ಏನಾದ್ರೂ ತೊಂದರೆ?"

"ಏನೂ ಇಲ್ಲಪ್ಪ. ದೇವರಂಥೋರು."

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸಮುದಾಯ ಆರೋಗ್ಯ ಕೇಂದ್ರದ ಗೇಟಿನ ಹತ್ತಿರ ಮೊದಲ ಸಲ ಫಾರಂ ಹಿಡಿದು ನಿಂತಾಗ ಬೆಳಗ್ಗೆಯಿಂದ ಇದೇ ಉತ್ತರ. ನಾನೂ ಖುಷಿಯಾಗಿ 'ಬಹಳ ತೃಪ್ತಿ' ಅನ್ನೋ ಕಡೆ ಟಿಕ್ ಹಾಕುತ್ತಾ ಹೋದೆ. ಈ ಅಜ್ಜಿಗೂ ಹಾಕಿದೆ. ಅವರು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲ ಬಿಚ್ಚಿದರು. ಸುಣ್ಣದ ಡಬ್ಬಿ ಪಕ್ಕದಲ್ಲಿ ಮೂರು ತುಂಡು ಸ್ಟ್ರಿಪ್. ಮೂರರಲ್ಲೂ ಬಿಳಿ ಮಾತ್ರೆ.

"ಇದ್ರಲ್ಲಿ ಸಕ್ಕರೆದು ಯಾವುದು, ಬಿಪಿದು ಯಾವುದು, ಸ್ವಲ್ಪ ನೋಡಿ ಹೇಳಪ್ಪ."

ನೋಡಿದೆ. ಹೇಳೋಕೆ ಆಗಲಿಲ್ಲ. ಸ್ಟ್ರಿಪ್ ಕತ್ತರಿಸಿದಾಗ ಹೆಸರಿದ್ದ ಭಾಗ ಕಿಟಕಿಯ ಒಳಗಡೆಯೇ ಉಳಿದಿತ್ತು. ಅಜ್ಜಿ ಕೈಯಲ್ಲಿದ್ದದ್ದು 'ಟ್ಯಾಬ್ಲೆಟ್ಸ್ ಐಪಿ' ಅನ್ನೋ ಅರ್ಧ ಸಾಲು ಮಾತ್ರ. ನನ್ನ ಫಾರಂನಲ್ಲಿ ಮಾತ್ರ ಅವರು 'ಬಹಳ ತೃಪ್ತಿ'.

ಅವತ್ತಿನ ಫಾರಂಗಳನ್ನೆಲ್ಲ ಪಕ್ಕಕ್ಕಿಟ್ಟು ಕೆಲಸವನ್ನು ಮೊದಲಿನಿಂದ ಶುರು ಮಾಡಬೇಕಾಯಿತು. ಹೇಗೆ ಮಾಡಿದೆವು, ಎಲ್ಲಿ ಎಡವಿದೆವು ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿ ಸದಸ್ಯರು, ಫಾರ್ಮಸಿ ಅಥವಾ ನರ್ಸಿಂಗ್ ಓದುತ್ತಿರುವ ಹುಡುಗ ಹುಡುಗಿಯರು, ಸ್ತ್ರೀಶಕ್ತಿ ಸಂಘದವರು, ಊರಿನ ಆಸ್ಪತ್ರೆ ಸ್ವಲ್ಪ ಸುಧಾರಿಸಲಿ ಅಂದುಕೊಂಡ ಯಾರು ಬೇಕಾದರೂ ಮಾಡಬಹುದು. ದುಡ್ಡು ಬೇಕಿಲ್ಲ. ಮೂರು ನಾಲ್ಕು ದಿನದ ಬೆಳಗಿನ ಹೊತ್ತು ಬೇಕು, ಇಬ್ಬರು ಮೂವರು ಬೇಕು.

ಮೊದಲು: ಒಳಗಿನವರಿಗೆ ಹೇಳಿ

ಆಡಳಿತ ವೈದ್ಯಾಧಿಕಾರಿಗೆ ಒಂದು ಪತ್ರ ಕೊಟ್ಟು ಒಪ್ಪಿಗೆ ತಗೊಳ್ಳಿ. ಇದು ಎಲ್ಲರಿಗೂ ಗೊತ್ತಿರುವ ಮಾತು. ಎಲ್ಲರೂ ಮರೆಯೋದು ಇನ್ನೊಂದು: ಫಾರ್ಮಸಿಸ್ಟ್ ಹತ್ತಿರ ಖುದ್ದಾಗಿ ಹೋಗಿ ಮಾತಾಡೋದು. ಹೇಳದೆ ಗೇಟಿನಲ್ಲಿ ನಿಂತರೆ ಅವರ ಮೇಲೆ ದೂರು ಸಂಗ್ರಹಿಸೋಕೆ ಬಂದವರ ಹಾಗೆ ಕಾಣುತ್ತೀರಿ. ಆಮೇಲೆ ಯಾವ ಮಾಹಿತಿಯೂ ಹೊರಗೆ ಬರಲ್ಲ.

ಒಂದು ಲೆಕ್ಕ ಅವರ ಮುಂದೆಯೇ ಹಾಕಿ. ಬೆಳಗಿನ ಹೊತ್ತು ಒಟ್ಟು 4 ತಾಸು, 200 ಚೀಟಿ, ಕಿಟಕಿಯಲ್ಲಿ ಒಬ್ಬರೇ. ಅಂದರೆ ಒಂದು ಚೀಟಿಗೆ 72 ಸೆಕೆಂಡು. ಅಷ್ಟರಲ್ಲಿ ಚೀಟಿ ಓದಬೇಕು, ಮಾತ್ರೆ ಎಣಿಸಬೇಕು, ಕತ್ತರಿಸಬೇಕು, ರಿಜಿಸ್ಟರ್ ಬರೆಯಬೇಕು. ಇನ್ನು ಬಿಡಿಸಿ ಹೇಳೋದು ಯಾವಾಗ? ಈ ಲೆಕ್ಕ ನೀವೇ ಬಾಯಿ ಬಿಟ್ಟು ಹೇಳಿದರೆ ಅವರ ಮುಖ ಸಡಿಲವಾಗುತ್ತದೆ. ನಮ್ಮ ಫಾರ್ಮಸಿಸ್ಟ್ ಟೀ ತರಿಸಿದರು.

ನಿಯಮದ ಪ್ರಕಾರ ಬಯಲು ಸೀಮೆಯಲ್ಲಿ ಸುಮಾರು 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ, 30 ಹಾಸಿಗೆ. ಒಂದು ಕಿಟಕಿಯ ಹಿಂದೆ ಎಷ್ಟು ಊರು ನಿಂತಿರುತ್ತೆ ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಇನ್ನೊಂದು, 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ವೈದ್ಯರ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ಅವರು ರಜೆ ಹಾಕಿದ ದಿನ ಕಿಟಕಿಯಲ್ಲಿ ಯಾರು ಕೂರುತ್ತಾರೆ ಅನ್ನೋದನ್ನು ಸುಮ್ನೆ ವಿಚಾರಿಸಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಎಲ್ಲಿ ನಿಲ್ಲಬೇಕು, ಯಾರು ಕೇಳಬೇಕು

ಕಿಟಕಿ ಪಕ್ಕ ಬೇಡ. ಮುಂದಿನ ತಿಂಗಳೂ ಅದೇ ಕೈಯಿಂದ ಮಾತ್ರೆ ಇಸ್ಕೋಬೇಕಾದವರು ಅಲ್ಲಿ ನಿಂತು ಏನು ಹೇಳಿಯಾರು? ಗೇಟಿನ ಹೊರಗೆ, ಹೊಂಗೆ ಮರದ ನೆರಳು, ಬಸ್ ನಿಲ್ಲುವ ಜಾಗ, ಟೀ ಅಂಗಡಿ ಬೆಂಚು ಇವೆಲ್ಲ ಒಳ್ಳೆ ಜಾಗ. ಆದರೆ ಬಸ್ ಟೈಮ್ ಮೊದಲೇ ತಿಳ್ಕೊಳ್ಳಿ. ಹನ್ನೆರಡೂವರೆ ಬಸ್ಸು ತಪ್ಪಿದರೆ ಮೂರು ಗಂಟೆವರೆಗೆ ಬಸ್ಸಿಲ್ಲದ ಊರಿನವರನ್ನು ಹನ್ನೆರಡೂ ಇಪ್ಪತ್ತಕ್ಕೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳೋದು ಪಾಪ.

ಆಸ್ಪತ್ರೆ ಸಿಬ್ಬಂದಿ ಕೇಳಬಾರದು. ಬಿಳಿ ಕೋಟು ಹಾಕಿದ ವಿದ್ಯಾರ್ಥಿಗಳು ಕೋಟು ಬಿಚ್ಚಿಟ್ಟು ಬರಲಿ. ಆಶಾ ಕಾರ್ಯಕರ್ತೆಯರು ಕೇಳಬಹುದು, ಆದರೆ ತಮ್ಮ ಊರಿನವರನ್ನು ಬಿಟ್ಟು ಬೇರೆ ಊರಿನವರನ್ನು.

ಭಾಷೆ ಇಲ್ಲಿ ದೊಡ್ಡ ವಿಷಯ. ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಆ ಕಡೆ ಪಾವಗಡ ಎಲ್ಲಾ ಕಡೆ ಮನೆಮಾತು ತೆಲುಗು ಇರುವವರು ತುಂಬಾ ಜನ. ಕನ್ನಡದಲ್ಲಿ ಕೇಳಿದರೆ "ಹೂಂ, ಚೆನ್ನಾಗಿದೆ" ಅಂತ ಮುಗಿಸುವ ಅದೇ ಅಜ್ಜಿ, "ಅವ್ವಾ, ಈ ಮಾತ್ರಲು ಎಪ್ಪುಡೆಪ್ಪುಡು ಮಿಂಗ್ತಾವು?" (ಈ ಮಾತ್ರೆ ಯಾವ್ಯಾವಾಗ ನುಂಗ್ತೀಯ?) ಅಂತ ತೆಲುಗಿನಲ್ಲಿ ಕೇಳಿದರೆ ಕೂತ್ಕೊಂಡು ಅರ್ಧ ಗಂಟೆ ಕಥೆ ಹೇಳುತ್ತಾರೆ. ಶಿಡ್ಲಘಟ್ಟದ ಕಡೆ ರೇಷ್ಮೆ ಬಿಚ್ಚುವ ಎಷ್ಟೋ ಮನೆಗಳಲ್ಲಿ ಉರ್ದು. ತಂಡದಲ್ಲಿ ಮೂರೂ ಭಾಷೆ ಬರುವವರು ಇರಲಿ. ಹೆಂಗಸರೊಬ್ಬರು ಇರಲೇಬೇಕು.

ಯಾರನ್ನು ಕೇಳಬೇಕು

ನಾವು ಮಾಡಿದ ಎರಡನೇ ತಪ್ಪು ಇಲ್ಲಿ. ನಗುಮುಖದವರನ್ನು, ನಮಗೆ ಪರಿಚಯ ಇರುವವರನ್ನು, ಚೀಟಿ ಓದೋಕೆ ಬರುವವರನ್ನು ಕೇಳುತ್ತಾ ಹೋದೆವು. ಅದು ಕೈಗೆ ಸಿಕ್ಕಿದವರನ್ನು ಕೇಳಿದ ಹಾಗಾಯಿತು ಅಷ್ಟೇ. ಬದಲಿಗೆ ಎಣಿಸಿ. ಔಷಧಿ ತಗೊಂಡು ಹೊರಬಂದ ಪ್ರತಿ ಐದನೇ ವ್ಯಕ್ತಿ. ಅವರು ಸಿಡುಕಿನವರಾದರೂ ಅವರನ್ನೇ ಕೇಳಿ. ಒಲ್ಲೆ ಅಂದರೆ 'ಒಲ್ಲೆ' ಅಂತ ಬರೆದು ಮುಂದಿನ ಐದನೆಯವರಿಗೆ ಕಾಯಿರಿ.

ದಿನಕ್ಕೆ 200 ಜನ ಬರುವ ಕಡೆ ಐದಕ್ಕೊಬ್ಬರಂತೆ 40 ಜನ. ಮೂರು ದಿನಕ್ಕೆ 120. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಔಷಧ ಬಳಕೆ ಅಳೆಯುವ ಕ್ರಮ ಹೇಳಿಕೊಟ್ಟಾಗ, ಹಲವು ಆಸ್ಪತ್ರೆ ಸೇರಿಸಿ ಮಾಡುವುದಾದರೆ ಒಂದೊಂದರಲ್ಲೂ 30, ಒಂದೇ ಆಸ್ಪತ್ರೆ ಆದರೆ 100 ಅಂತ ಸೂಚಿಸಿತ್ತು. ಹಾಗಾಗಿ ಮೂರು ದಿನ ಸಾಕು. ಆದರೆ ಮೂರೂ ಒಂದೇ ಥರದ ದಿನ ಆಗಬಾರದು. ಒಂದು ಸೋಮವಾರ ಇರಲಿ, ಭಾನುವಾರದ ಕಾಯಿಲೆಯೆಲ್ಲ ಅವತ್ತು ಬರುತ್ತೆ. ಒಂದು ಸಂತೆ ದಿನ ಇರಲಿ. ಇನ್ನೊಂದು ಯಾವುದಾದರೂ ಖಾಲಿ ದಿನ.

ಗೇಟಿನಲ್ಲಿ ಸಿಗದವರೂ ಇದ್ದಾರೆ. ಬಿಪಿ, ಸಕ್ಕರೆ ಮಾತ್ರೆಯನ್ನು ಮಗನೋ ಸೊಸೆಯೋ ಬಂದು ಒಯ್ಯುತ್ತಾರೆ. ಅವರಿಗೆ ಹೇಳಿದ್ದು ಮನೆಯಲ್ಲಿ ನುಂಗುವವರಿಗೆ ತಲುಪಿತಾ? 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಶುರುವಾದ ಗೃಹ ಆರೋಗ್ಯ ಯೋಜನೆಯಂಥದ್ದರಲ್ಲಿ ಮನೆ ಬಾಗಿಲಲ್ಲೇ ತಪಾಸಣೆ ಆಗಿ ಮಾತ್ರೆ ಸಿಗುವವರೂ ನಿಮ್ಮ ಲೆಕ್ಕಕ್ಕೆ ಬರಲ್ಲ. ಒಂದು ಸಂಜೆ ಎರಡು ಊರಿಗೆ ಹೋಗಿ ಹತ್ತು ಮನೆ ನೋಡಿ ಬನ್ನಿ. ಇನ್ನು ಮಾತ್ರೆ ಸಿಗಲ್ಲ ಅಂತ ಆಸ್ಪತ್ರೆಗೆ ಬರೋದನ್ನೇ ಬಿಟ್ಟವರು ಅಲ್ಲೇ ಸಿಗುತ್ತಾರೆ. ನಿಜವಾದ ಸಿಟ್ಟು ಇರೋದು ಅವರಲ್ಲಿ.

ಏನು ಕೇಳಬೇಕು

ಇಡೀ ಕೆಲಸದ ಜೀವ ಇದು. ಸ್ವಲ್ಪ ನಿಧಾನವಾಗಿ ಓದಿ.

"ತೃಪ್ತಿ ಇದೆಯಾ" ಅಂತ ಕೇಳಬೇಡಿ. ತೃಪ್ತಿ ಅನ್ನೋ ಪದ ಊಟ ಬಡಿಸಿದವರ ಮುಂದೆ ಹೇಳುವ ಪದ. ನೆಂಟರ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ ಅಂತ ಯಾರು ಹೇಳ್ತಾರೆ? ದುಡ್ಡಿಲ್ಲದೆ ಸಿಕ್ಕಿದ ಔಷಧಿಯನ್ನು ದೂರೋದು ನಮ್ಮ ಜನಕ್ಕೆ ಸಂಕೋಚ. ಸರ್ಕಾರಿ ಗುಣಮಟ್ಟದ ಫಾರಂಗಳಲ್ಲಿ 1ರಿಂದ 5ರವರೆಗೆ ಅಂಕ ಹಾಕಿಸುತ್ತಾರೆ. ಮಾಡಬೇಕಾದರೆ ಅದನ್ನೂ ಮಾಡಿ, ಕೊನೆಗೆ ಒಂದೇ ಒಂದು ಸಲ. ಅದಕ್ಕೂ ಮೊದಲು ಕವರ್ ನೋಡಿ.

ಬಲವಂತ ಬೇಡ. "ಮಾತ್ರೆ ಸ್ವಲ್ಪ ತೋರಿಸ್ತೀರಾ, ಹೆಸರು ಬರ್ಕೊಳ್ಳಲ್ಲ" ಅಂತ ಹೇಳಿ. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆ, ಕುಟುಂಬ ಯೋಜನೆ ಇಂಥ ಔಷಧಿ ಕೈಯಲ್ಲಿ ಇರಬಹುದು. ಕವರ್ ಹಿಡಿದ ಕೈ ಹಿಂದೆ ಸರಿದರೆ ಅಲ್ಲಿಗೇ ಬಿಡಿ. ಬೇರೆ ಪ್ರಶ್ನೆ ಕೇಳಿ ಕಳಿಸಿ. ಫಾರಂನಲ್ಲಿ ಹೆಸರು, ಫೋನು, ಊರು ಯಾವುದೂ ಬೇಡ. ವಯಸ್ಸು ಅಂದಾಜು, ಗಂಡೋ ಹೆಣ್ಣೋ, ಸ್ವಂತಕ್ಕೋ ಬೇರೆಯವರಿಗೋ, ಇಷ್ಟು ಸಾಕು.

ನಾವು ಕೊನೆಗೆ ಉಳಿಸಿಕೊಂಡ ಪ್ರಶ್ನೆಗಳು ಇವು:

1. ಚೀಟಿಯಲ್ಲಿ ಎಷ್ಟು ಔಷಧಿ ಬರೆದಿದ್ದಾರೆ, ಕೈಯಲ್ಲಿ ಎಷ್ಟಿದೆ? (ಕೇಳೋದಲ್ಲ, ಎಣಿಸೋದು.)
2. ಕವರ್ ಅಥವಾ ಸ್ಟ್ರಿಪ್ ಮೇಲೆ ಔಷಧಿ ಹೆಸರು ಓದೋಕೆ ಆಗುತ್ತಾ? ಯಾವಾಗ ತಗೋಬೇಕು ಅಂತ ಬರೆದಿದೆಯಾ? ಯಾರಿಗೆ ಅಂತ ಇದೆಯಾ?
3. ಇವತ್ತು ರಾತ್ರಿ ಇದರಲ್ಲಿ ಯಾವುದು ನುಂಗ್ತೀರಿ? ನಾಳೆ ಬೆಳಗ್ಗೆ ಯಾವುದು?
4. ಊಟಕ್ಕೆ ಮುಂಚೆನಾ, ಆಮೇಲಾ?
5. ಎಷ್ಟು ದಿನ? ಜ್ವರ ಬಿಟ್ಟ ಮೇಲೂ ತಗೋಬೇಕಾ?
6. ಹೋದ ಸಲ ಕೊಟ್ಟ ಮಾತ್ರೆಯೂ ಇದೂ ಒಂದೇ ಥರ ಇದೆಯಾ?
7. ಸಿಗದೇ ಇರೋದನ್ನು ಏನು ಮಾಡ್ತೀರಿ?
8. ಕಿಟಕಿಯಲ್ಲಿ ನೀವೇನಾದ್ರೂ ಕೇಳಿದ್ರಾ? ಏನಂದ್ರು?

ಎರಡನೆಯದಕ್ಕೆ ಅಳತೆ ಕಟ್ಟುನಿಟ್ಟಾಗಿರಲಿ. ರೋಗಿಯ ಹೆಸರು, ಔಷಧಿ ಹೆಸರು, ಯಾವಾಗ ತಗೋಬೇಕು. ಈ ಮೂರೂ ಇದ್ದರೆ ಮಾತ್ರ 'ಸರಿ'. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದೇ ಮೂರು. ನಮ್ಮ ಕಡೆ ಹಳೇ ಪೇಪರ್ ಚೂರಲ್ಲಿ ಸುತ್ತಿ ಕೊಡುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಆ ಚೂರಿನ ಮೇಲೆ '1-0-1' (ಬೆಳಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು) ಅಂತ ಪೆನ್ನಿನಲ್ಲಿ ಬರೆದಿರುತ್ತಾರೆ. ಓದು ಬಾರದವರಿಗೆ ಅದು ಬರೀ ಗೆರೆ.

ಮೂರನೇ ಪ್ರಶ್ನೆ ಪರೀಕ್ಷೆ ಥರ ಕೇಳಬೇಡಿ. ಮುಖದಲ್ಲಿ ಮೇಷ್ಟ್ರ ಕಳೆ ಬಂದರೆ ಜನ ಗಾಬರಿಯಾಗಿ ಗೊತ್ತಿದ್ದದ್ದನ್ನೂ ತಪ್ಪು ಹೇಳುತ್ತಾರೆ. "ನಂಗೂ ನಮ್ಮಮ್ಮನ ಮಾತ್ರೆ ಕಲಸಿ ಹೋಗುತ್ತೆ, ನೀವು ಹೇಗೆ ನೆನಪಿಟ್ಕೊಳ್ತೀರಿ?" ಅಂತ ಶುರು ಮಾಡಿ. ಅದ್ಭುತ ಉತ್ತರಗಳು ಬರುತ್ತವೆ. ಒಬ್ಬರು ರಾತ್ರಿ ಮಾತ್ರೆಯ ಸ್ಟ್ರಿಪ್ಪಿಗೆ ಗಂಟು ಹಾಕಿದ ದಾರ ಕಟ್ಟಿದ್ದರು. ಇನ್ನೊಬ್ಬರು ಬೆಳಗಿನದನ್ನು ದೇವರ ಗೂಡಿನಲ್ಲಿ, ರಾತ್ರಿಯದನ್ನು ದಿಂಬಿನ ಕೆಳಗೆ ಇಡುತ್ತಾರಂತೆ.

ನಾಲ್ಕನೆಯದರಲ್ಲಿ ಒಂದು ಕಿತಾಪತಿ ಇದೆ. "ಊಟ ಆದ್ಮೇಲೆ ಮೂರು ಹೊತ್ತು" ಅಂತ ಕಿಟಕಿಯಲ್ಲಿ ಹೇಳುತ್ತಾರೆ. ಆದರೆ ಹೊಲಕ್ಕೆ ಹೋಗುವವರು ಹತ್ತು ಹನ್ನೊಂದಕ್ಕೆ ಒಂದು ಮುದ್ದೆ ಉಂಡರೆ ಆಮೇಲೆ ರಾತ್ರಿಯೇ. ಅವರಿಗೆ ಮೂರನೇ ಹೊತ್ತು ಎಲ್ಲಿಂದ ಬರಬೇಕು? ಕೆಲವರು ಮಧ್ಯಾಹ್ನದ ಮಾತ್ರೆ ಬಿಡುತ್ತಾರೆ, ಕೆಲವರು ರಾತ್ರಿ ಎರಡೂ ಸೇರಿಸಿ ನುಂಗುತ್ತಾರೆ. ಊಟಕ್ಕೆ ಮುಂಚೆ ತಗೊಳ್ಳುವ ಗ್ಲಿಮೆಪಿರೈಡ್ ಥರದ ಸಕ್ಕರೆ ಮಾತ್ರೆ ನುಂಗಿ ಊಟವೇ ಮಾಡದೆ ಕೆಲಸಕ್ಕೆ ಹೋದರೆ ಸಕ್ಕರೆ ತೀರಾ ಇಳಿದು ತಲೆ ಸುತ್ತಿ ಬೀಳಬಹುದು. ಆದ್ದರಿಂದ "ಊಟ ಎಷ್ಟೊತ್ತಿಗೆ ಮಾಡ್ತೀರಿ" ಅಂತಲೂ ಕೇಳಿ ಬರೆದುಕೊಳ್ಳಿ.

ಆರನೇ ಪ್ರಶ್ನೆ ನಮ್ಮ ಫಾರಂನಲ್ಲಿ ಮೊದಲು ಇರಲೇ ಇಲ್ಲ. ಒಬ್ಬ ತಾತ ಕಲಿಸಿಕೊಟ್ಟರು. ಟೆಂಡರ್ ಬದಲಾದಾಗ ಅದೇ ಔಷಧಿ ಬೇರೆ ಕಂಪನಿಯಿಂದ ಬರುತ್ತೆ. ಹೋದ ತಿಂಗಳು ದುಂಡಗಿದ್ದ ಮಾತ್ರೆ ಈ ತಿಂಗಳು ಉದ್ದಕ್ಕೆ. ತಾತ ಹೊಸದನ್ನು ಬೇರೆ ಔಷಧಿ ಅಂದ್ಕೊಂಡು ಮನೆಯಲ್ಲಿ ಉಳಿದಿದ್ದ ಹಳೇದನ್ನೂ ಇದನ್ನೂ ಎರಡನ್ನೂ ನುಂಗುತ್ತಿದ್ದರು. ಇನ್ನು ಕೆಲವರು "ಇದು ನಂದಲ್ಲ" ಅಂತ ಪೂರ್ತಿ ಬಿಟ್ಟೇ ಬಿಡುತ್ತಾರೆ. ಕಿಟಕಿಯಲ್ಲಿ "ರೂಪ ಬದಲಾಗಿದೆ, ಔಷಧಿ ಅದೇ" ಅನ್ನೋ ನಾಲ್ಕು ಪದ ಹೇಳಿದ್ದರೆ ಮುಗಿಯುತ್ತಿತ್ತು.

ಮಕ್ಕಳ ಔಷಧಿ ತಂದ ತಾಯಂದಿರಿಗೆ ಬೇರೆ ಎರಡು ಪ್ರಶ್ನೆ. ಓಆರ್‌ಎಸ್ ಪೊಟ್ಟಣ ಎಷ್ಟು ನೀರಿಗೆ? ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಆದರೆ ಲೋಟಕ್ಕೆ ಚಿಟಿಕೆ ಚಿಟಿಕೆ ಹಾಕುವವರು ಬಹಳ. ಪುಡಿ ರೂಪದ ಸಿರಪ್ ಬಾಟಲಿಗೆ ಎಲ್ಲಿಯವರೆಗೆ ನೀರು ಹಾಕಬೇಕು, ಎಷ್ಟು ದಿನ ಇಡಬಹುದು? ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆ ಬಗ್ಗೆ "ಟೀ ಜೊತೆ ತಗೊಳ್ತೀರಾ? ಕ್ಯಾಲ್ಸಿಯಂ ಜೊತೆಗೇ ನುಂಗ್ತೀರಾ?" ಅಂತ ಕೇಳಿ. ಮಲ ಕಪ್ಪಗಾಗುತ್ತೆ ಅಂತ ಮೊದಲೇ ಯಾರೂ ಹೇಳದಿದ್ದಕ್ಕೆ ಹೆದರಿ ಬಿಟ್ಟವರು ಪ್ರತಿ ಊರಲ್ಲೂ ಇದ್ದಾರೆ.

ಒಂದು ಎಚ್ಚರಿಕೆ. ಕೇಳುವ ಹೊತ್ತಲ್ಲಿ ತಪ್ಪು ಮಾತ್ರೆ, ಅವಧಿ ಮುಗಿದ ಮಾತ್ರೆ, ತಪ್ಪು ಲೆಕ್ಕ ಕಣ್ಣಿಗೆ ಬಿದ್ದರೆ ಫಾರಂ ಮಡಚಿಟ್ಟು ಅವರನ್ನು ವಾಪಸ್ ಕಿಟಕಿಗೆ ಕರೆದುಕೊಂಡು ಹೋಗಿ. ನೀವೇ ವೈದ್ಯರಾಗಿ "ಇದನ್ನ ಬಿಡಿ, ಅದನ್ನ ತಗೊಳ್ಳಿ" ಅನ್ನಬೇಡಿ. ಆ ಎಲೆಅಡಿಕೆ ಚೀಲದ ಅಜ್ಜಿಯನ್ನು ನಾನೂ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.

ಕಿಟಕಿಯನ್ನೂ ಸ್ವಲ್ಪ ಹೊತ್ತು ನೋಡಿ

ತಂಡದಲ್ಲಿ ಒಬ್ಬರು ಒಂದು ಗಂಟೆ ಒಳಗಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡಲಿ. ಸಾಲಿನಲ್ಲಿ ನಿಂತದ್ದು ಎಷ್ಟು ಹೊತ್ತು, ಕಿಟಕಿಯ ಮುಂದೆ ಇದ್ದದ್ದು ಎಷ್ಟು ಸೆಕೆಂಡು. ಎರಡನ್ನೂ ಬೇರೆ ಬೇರೆ ಬರೆಯಿರಿ. ಜನ ಬೈಯೋದು ಮೊದಲನೆಯದನ್ನು, ಅವರಿಗೆ ತೊಂದರೆ ಆಗೋದು ಎರಡನೆಯದರಿಂದ.

ಸಣ್ಣ ಪುಟ್ಟದೂ ಕಣ್ಣಿಗೆ ಬೀಳುತ್ತವೆ. ಕಿಟಕಿ ಎಷ್ಟು ಎತ್ತರ ಇದೆ, ಅಜ್ಜಿಗೆ ಮುಖ ಕಾಣುತ್ತಾ, ಮೇಲೆ ಫ್ಯಾನಿನ ಗರಗರ ಎಷ್ಟು, ಹೆಂಗಸರಿಗೆ ಬೇರೆ ಸಾಲು ಇದೆಯಾ, ಮಂಡಿನೋವಿನವರಿಗೆ ಕೂರೋಕೆ ಜಾಗ ಇದೆಯಾ. ಗುಡಿಬಂಡೆ, ಬಾಗೇಪಲ್ಲಿ, ಪಾವಗಡದ ಕಡೆ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಮೂಳೆ ಕೀಲು ಬಿಗಿದವರು ತುಂಬಾ. ಅವರನ್ನು ಮುಕ್ಕಾಲು ಗಂಟೆ ನಿಲ್ಲಿಸಿ ನೋವಿನ ಮಾತ್ರೆ ಕೊಡೋದು ಯಾವ ಲೆಕ್ಕ?

ಸ್ಟಾಕ್ ಕಡೆ ಕಣ್ಣು ಹಾಯಿಸಿ

ಹನ್ನೆರಡು ಔಷಧಿಗಳ ಪಟ್ಟಿ ಮಾಡಿಕೊಳ್ಳಿ. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಪ್ಯಾರಾಸಿಟಮಾಲ್, ಅಮಾಕ್ಸಿಸಿಲಿನ್, ಓಆರ್‌ಎಸ್, ಜಿಂಕ್, ಕಬ್ಬಿಣದ ಮಾತ್ರೆ, ಹೀಗೆ ನಿಮ್ಮಲ್ಲಿ ಜಾಸ್ತಿ ಹೋಗುವಂಥವು. ಸ್ಟಾಕ್ ರಿಜಿಸ್ಟರ್ ನೋಡಿ ಹೋದ ಮೂರು ತಿಂಗಳಲ್ಲಿ ಒಂದೊಂದೂ ಎಷ್ಟು ದಿನ ಸೊನ್ನೆ ಇತ್ತು ಅಂತ ಬರೆಯಿರಿ. ಇದನ್ನು ಫಾರ್ಮಸಿಸ್ಟ್ ಜೊತೆಯಲ್ಲೇ ಕೂತು ಮಾಡಿ. ಔಷಧಿ ಬರೋದು ರಾಜ್ಯ ವೈದ್ಯಕೀಯ ಸರಬರಾಜು ನಿಗಮದಿಂದ, ಜಿಲ್ಲೆಯ ಉಗ್ರಾಣದ ಮೂಲಕ. ಇಂಡೆಂಟ್ (ಔಷಧಿ ಬೇಕು ಅಂತ ಕಳಿಸುವ ಬೇಡಿಕೆ ಪಟ್ಟಿ) ಹಾಕಿದ ದಿನ, ಕೇಳಿದ್ದೆಷ್ಟು, ಬಂದದ್ದೆಷ್ಟು ಅನ್ನೋದು ಗೊತ್ತಾದರೆ ತಪ್ಪು ಇಲ್ಲಿಯದೋ ಮೇಲಿನದೋ ಅಂತ ತಿಳಿಯುತ್ತೆ. ಇಂಡೆಂಟ್ ತಡವಾಗಿ ಹೋಗಿದ್ದರೆ ಅದು ಬೇರೆ ಮಾತು. ಕೇಳಿದ ಅರ್ಧ ಮಾತ್ರ ಬಂದಿದ್ದರೆ ಕಿಟಕಿಯಲ್ಲಿ ಕೂತವರನ್ನು ಬೈದು ಏನು ಪ್ರಯೋಜನ?

ಲೆಕ್ಕ ಹಾಕುವಾಗ

ಸರಾಸರಿ ಅಂಕ ಹಾಕಿ ಮುಗಿಸಬೇಡಿ. ಒಂದು ಉದಾಹರಣೆ ನೋಡಿ. 40 ಚೀಟಿ, ಒಟ್ಟು 120 ಔಷಧಿ ಬರೆದಿದ್ದಾರೆ. 102 ಸಿಕ್ಕಿದೆ. ಅಂದರೆ 85 ಪರ್ಸೆಂಟ್. ಸಭೆಯಲ್ಲಿ ಓದಿದರೆ ಚಪ್ಪಾಳೆ ಬರುತ್ತೆ. ಆದರೆ ಸಿಗದ 18 ಔಷಧಿ 16 ಜನರ ಚೀಟಿಯಲ್ಲಿ ಹರಡಿದ್ದರೆ, 40ರಲ್ಲಿ 16 ಜನ, ಅಂದರೆ 40 ಪರ್ಸೆಂಟ್ ಜನ, ಏನೋ ಒಂದು ಇಲ್ಲದೆ ಮೆಡಿಕಲ್ ಸ್ಟೋರ್ ಕಡೆ ನಡೆದಿದ್ದಾರೆ ಅಂತ ಅರ್ಥ. ಎರಡೂ ನಿಜ. ಎರಡನ್ನೂ ಬರೆಯಿರಿ. ಏಳನೇ ಪ್ರಶ್ನೆಯ ಉತ್ತರ ಇದರ ಪಕ್ಕದಲ್ಲಿಡಿ. "ಬಿಟ್ಟುಬಿಡ್ತೀನಿ" ಅಂದವರು ಎಷ್ಟು ಜನ ಅನ್ನೋದನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ.

ಆಮೇಲೆ 'ಖುಷಿ ಇದ್ದೀವಿ' ಅಂದವರನ್ನು ಎರಡು ಗುಂಪು ಮಾಡಿ: ಮಾತ್ರೆ ಹೇಗೆ ತಗೋಬೇಕು ಅಂತ ಸರಿಯಾಗಿ ಹೇಳಿದವರು, ಹೇಳಲಾಗದವರು. ನಮ್ಮಲ್ಲಿ ಎರಡನೇ ಗುಂಪು ನೋಡಿ ಫಾರ್ಮಸಿಸ್ಟ್ ಕೂಡ ಸುಮ್ಮನಾದರು.

ಉಲ್ಟಾ ಕೂಡ ಇರುತ್ತೆ, ಅದಕ್ಕೆ ಮೋಸ ಹೋಗಬೇಡಿ. ಸೂಜಿ ಹಾಕಲಿಲ್ಲ, ಟಾನಿಕ್ ಕೊಡಲಿಲ್ಲ, ನೆಗಡಿಗೆ 'ಸ್ಟ್ರಾಂಗ್ ಮಾತ್ರೆ' ಕೊಡಲಿಲ್ಲ ಅಂತ ಸಿಟ್ಟಾದವರು ಸಿಗುತ್ತಾರೆ. ಅಲ್ಲಿ ವೈದ್ಯರು ಮಾಡಿದ್ದು ಸರಿಯೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ ರೋಗಿಗೆ ಸಂಬಂಧಿಸಿ ಕೊಟ್ಟ ಐದು ಅಳತೆಗಳನ್ನು ನೋಡಿ: ವೈದ್ಯರು ನೋಡಿದ ಸಮಯ, ಔಷಧಿ ಕೊಡುವಾಗಿನ ಸಮಯ, ಬರೆದದ್ದರಲ್ಲಿ ಸಿಕ್ಕಿದ್ದು, ಕವರಿನ ಬರಹ, ರೋಗಿಗೆ ಗೊತ್ತಿರೋದು. 'ತೃಪ್ತಿ' ಅನ್ನೋದು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ನಾನು ಇದನ್ನು ಓದಿದ್ದು ಮೊದಲ ಫಾರಂ ಅಚ್ಚು ಹಾಕಿಸಿದ ಮೇಲೆ!

ಸಭೆಗೆ ಒಯ್ಯುವುದು

ಎರಡು ಪುಟ ಸಾಕು. ಆರೋಗ್ಯ ರಕ್ಷಾ ಸಮಿತಿ ಸಭೆಗೆ ಮುಂಚೆ ಒಂದು ಪ್ರತಿ ಫಾರ್ಮಸಿಸ್ಟ್‌ಗೆ ಕೊಡಿ. ಸಭೆಯಲ್ಲಿ ಎಲ್ಲರ ಮುಂದೆ ಮೊದಲ ಸಲ ಕೇಳಿಸಿಕೊಂಡರೆ ಯಾರಿಗಾದರೂ ಅವಮಾನವೇ.

ದುಡ್ಡು ಕಡಿಮೆ ಹಿಡಿಯುವುದನ್ನು ಮೊದಲು ಕೇಳಿ. ಸೂರ್ಯ, ನೆತ್ತಿ ಮೇಲಿನ ಸೂರ್ಯ, ಚಂದ್ರನ ಚಿತ್ರ ಅಚ್ಚು ಹಾಕಿದ ಕಾಗದದ ಕವರ್. ಅಚ್ಚು ಹಾಕಿಸೋದು ತಡ ಆದರೆ ರಬ್ಬರ್ ಸ್ಟಾಂಪ್. ಸ್ಟ್ರಿಪ್ ಕತ್ತರಿಸುವಾಗ ಹೆಸರಿರುವ ಭಾಗ ರೋಗಿಗೆ, ಹೆಸರಿಲ್ಲದ್ದನ್ನು ಖಾಲಿಯಾಗುವವರೆಗೆ ಹೆಸರು ಬರೆದ ಡಬ್ಬಿಯೊಳಗೇ ಇಡೋದು. ಇವತ್ತು ಯಾವ ಔಷಧಿ ಇಲ್ಲ ಅಂತ ಒಂದು ಬೋರ್ಡು, ಅದು ವೈದ್ಯರ ಕೋಣೆಯಲ್ಲೂ ಇರಲಿ. ಇಲ್ಲದ್ದನ್ನು ಬರೆಯೋದು ತಪ್ಪುತ್ತೆ. ತಿಂಗಳ ಮಾತ್ರೆಗೆ ಬರುವ ಬಿಪಿ, ಸಕ್ಕರೆಯವರಿಗೆ ವಾರದಲ್ಲಿ ಒಂದೆರಡು ಮಧ್ಯಾಹ್ನ ಬೇರೆ ಸಾಲು. ಬೆಳಗಿನ ಸಾಲು ಅಲ್ಲೇ ಕರಗುತ್ತೆ. ಎರಡು ಬೆಂಚು. ಇವಕ್ಕೆಲ್ಲ ಸಮಿತಿಯ ನಿಧಿಯೇ ಸಾಕಾಗಬಹುದು.

ಇನ್ನೊಬ್ಬ ಫಾರ್ಮಸಿಸ್ಟ್ ಬೇಕು, ಉಗ್ರಾಣದಿಂದ ಪೂರ್ತಿ ಸರಬರಾಜು ಆಗಬೇಕು ಅನ್ನೋದು ದೊಡ್ಡ ಮಾತು. ಅದನ್ನು ಸೊನ್ನೆ ದಿನಗಳ ಪಟ್ಟಿ ಸಮೇತ ತಾಲ್ಲೂಕು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಸ್ವೀಕೃತಿ ತಗೊಳ್ಳಿ. ಬರೀ "ಔಷಧಿ ಇಲ್ಲ" ಅಂತ ಬರೆದರೆ "ಪರಿಶೀಲಿಸಲಾಗುವುದು" ಅಂತ ಉತ್ತರ ಬರುತ್ತೆ. "ಮೂರು ತಿಂಗಳಲ್ಲಿ ಇಂಥ ಮಾತ್ರೆ ಇಷ್ಟು ದಿನ ಇರಲಿಲ್ಲ, ಇಂಡೆಂಟ್ ಈ ದಿನ ಹೋಗಿದೆ" ಅಂತ ಬರೆದರೆ ಉಗ್ರಾಣಕ್ಕೆ ಫೋನು ಹೋಗುತ್ತೆ. ಒಬ್ಬೊಬ್ಬರ ದೂರಿಗೆ 104 ಆರೋಗ್ಯ ಸಹಾಯವಾಣಿ ಇದೆ. ಆ ನಂಬರ್ ಕಿಟಕಿ ಪಕ್ಕ ದೊಡ್ಡದಾಗಿ ಬರೆಸಿ.

ಎರಡನೇ ಸುತ್ತು

ಮೂರು ತಿಂಗಳು ಬಿಟ್ಟು ಅದೇ ಪ್ರಶ್ನೆ, ಅದೇ ಥರದ ದಿನ, ಐದಕ್ಕೊಬ್ಬರು. ಪ್ರಶ್ನೆಗಳನ್ನು ಚೆಂದ ಮಾಡೋಕೆ ಹೋಗಿ ಬದಲಾಯಿಸಬೇಡಿ, ಹೋಲಿಸೋಕೆ ಆಗಲ್ಲ. ಹೊಸದು ಬೇಕಾದರೆ ಕೊನೆಗೆ ಸೇರಿಸಿ.

ನಮ್ಮದಕ್ಕೆ ಒಂಬತ್ತನೇ ಪ್ರಶ್ನೆ ಸೇರಿತು. ಕೊಟ್ಟವರು ಫಾರ್ಮಸಿಸ್ಟ್. ಎರಡನೇ ಸುತ್ತಿನ ಹಿಂದಿನ ದಿನ ಫಾರಂ ತೋರಿಸೋಕೆ ಹೋದಾಗ ಅವರು ಕಿಟಕಿಯ ಗಾಜಿಗೆ ಬೆರಳಿನಿಂದ ಬಡಿದರು. ಕೊರೊನಾ ಕಾಲದಲ್ಲಿ ಕೂರಿಸಿದ್ದು, ಕೆಳಗೆ ಕೈ ತೂರುವಷ್ಟು ಜಾಗ. "ನಾನು ದಿನಾ ಹೇಳ್ತೀನಿ ಸಾರ್, ಗಂಟಲು ಹರ್ಕೊಂಡು. ಆಚೆ ಕಡೆ ಕೇಳಿಸುತ್ತೋ ಇಲ್ವೋ, ಅದನ್ನೊಂದು ಕೇಳಿ ನೋಡಿ." ನಾನು ಹೊರಗೆ ಹೋಗಿ ಸಾಲು ನಿಲ್ಲುವ ಜಾಗದಲ್ಲಿ ನಿಂತೆ. ಅವರು ಒಳಗಿನಿಂದ ಏನೋ ಅಂದರು. ತುಟಿ ಅಲ್ಲಾಡಿದ್ದು ಕಾಣಿಸಿತು.